ಮನೆಯ ಹಾಲ್‌ನಲ್ಲಿ ಇಬ್ಬರು ಹಾಡುಗಾರರು, ಎರಡು ಗಿಟಾರ್: ಸ್ಪೀಕರ್ ಬೇಕಾ, ಬೇಡವಾ?

ಪ್ರಶ್ನೆ: ನಾವು ಉತ್ತರ ಕೆರೊಲಿನಾದ ಕ್ಯಾರಿಯಲ್ಲಿದ್ದೇವೆ. ವರ್ಷಕ್ಕೆ ಒಂದೆರಡು ಸಲ ನಮ್ಮ ಮನೆಯಲ್ಲೇ ಕರ್ನಾಟಕ ಸಂಗೀತದ ಕಛೇರಿ ಇಡಿಸುತ್ತೇವೆ. ಈ ಸಲ ನನ್ನ ಹೆಂಡತಿಯ ಆಫೀಸಿನವರೊಬ್ಬರು ಮತ್ತು ಅವರ ಗೆಳತಿ ಬಂದು ಹಾಡಲು ಒಪ್ಪಿದ್ದಾರೆ. ಇಬ್ಬರೂ ತಾವೇ ಹಾಡು ಕಟ್ಟಿ ಹಾಡುವವರು. ಕಂಟ್ರಿ, ಅಮೆರಿಕಾನಾ ಶೈಲಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡಿನ ಬೇರಿನದು. ಇಬ್ಬರದೂ ಅಕೂಸ್ಟಿಕ್ ಗಿಟಾರ್. ಒಂದಕ್ಕೆ ಪಿಕಪ್ (ಗಿಟಾರಿನ ಸದ್ದನ್ನು ನೇರವಾಗಿ ವೈರಿಗೆ ಕೊಡುವ ಸಾಧನ) ಇದೆ, ಇನ್ನೊಂದು ಹಳೇ ಗಿಟಾರ್, ಅದಕ್ಕೆ ಏನೂ ಇಲ್ಲ. ನಮ್ಮ ಹಾಲ್ 20 ಅಡಿಗೆ 26 ಅಡಿ. ಸೀಲಿಂಗ್ 18 ಅಡಿ ಎತ್ತರ. ಮರದ ನೆಲ, ಒಂದು ಕಡೆ ದೊಡ್ಡ ಗಾಜಿನ ಕಿಟಕಿ, ಪಕ್ಕದಲ್ಲೇ ತೆರೆದ ಅಡುಗೆಮನೆ. 40–45 ಜನ ಬರಬಹುದು. ಹೋದ ಸಲದ ಕಛೇರಿಗೆ ದೊಡ್ಡ ಸ್ಪೀಕರ್ ಬಾಡಿಗೆಗೆ ತಂದೆವು. ಅದು ಕುಂಯ್ ಅಂತ ಕೂಗಿ ಕೂಗಿ ವಯೊಲಿನ್‌ನವರು ಬೇಸರ ಮಾಡಿಕೊಂಡರು. ಹಿಂದೆ ಕೂತವರು ಸಾಹಿತ್ಯವೇ ಗೊತ್ತಾಗಲಿಲ್ಲ ಅಂದರು. ಈಗ ಒಬ್ಬ ಸ್ನೇಹಿತ ಇನ್ನೂ ದೊಡ್ಡ ಸ್ಪೀಕರ್ ತಾ ಅನ್ನುತ್ತಾನೆ. ಇನ್ನೊಬ್ಬ, ಅಕೂಸ್ಟಿಕ್ ಅಂದಮೇಲೆ ಮೈಕೇ ಇಡಬಾರದು ಅನ್ನುತ್ತಾನೆ. ಟಿಕೆಟ್ ಇಡಬಹುದಾ, ಲೈಸೆನ್ಸ್ ಬೇಕಾ, ಅದೂ ಗೊತ್ತಿಲ್ಲ. ಬರುವವರಲ್ಲಿ ಅರ್ಧ ಜನ ನಮ್ಮ ಕನ್ನಡದವರು. ಈ ಸಂಗೀತ ಅಷ್ಟಾಗಿ ಕೇಳಿದವರಲ್ಲ. ಮರ್ಯಾದೆ ಉಳಿಯುವ ಹಾಗೆ ಏನು ಮಾಡಬೇಕು, ಹೇಳಿ.

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು "ಸಾಹಿತ್ಯವೇ ಗೊತ್ತಾಗಲಿಲ್ಲ" ಅನ್ನುವ ಕಡೆ. ಕುಂಯ್ ಸದ್ದಿಗಿಂತ ಅದು ದೊಡ್ಡ ತೊಂದರೆ. ಕಛೇರಿಯಲ್ಲಾದರೆ ಹೇಗೋ ನಡೆದುಹೋಗುತ್ತದೆ. ಕೀರ್ತನೆ ಕೇಳುವವರಿಗೆ ಮೊದಲೇ ಬಾಯಿಪಾಠ ಇರುತ್ತದೆ. ಒಂದು ಪದ ಕೇಳದಿದ್ದರೂ ಮನಸ್ಸೇ ತುಂಬಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಈ ಇಬ್ಬರು ಹಾಡುವುದರಲ್ಲಿ ಕೆಲವು ಹಾಡು ಹೋದ ತಿಂಗಳಷ್ಟೇ ಬರೆದದ್ದಿರಬಹುದು. ಮೊದಲ ಚರಣದಲ್ಲಿ ಅಪ್ಪನ ಹಳೇ ಟ್ರಕ್ ಬರುತ್ತದೆ, ಮೂರನೆಯದರಲ್ಲಿ ಅದನ್ನು ಯಾರಿಗೆ ಮಾರಿದರು ಅನ್ನುವುದು ಬರುತ್ತದೆ. ಆ ಒಂದು ಸಾಲು ತಪ್ಪಿದರೆ ಹಾಡೇ ತಪ್ಪಿದ ಹಾಗೆ. ರಾಗ ಸರಳ. ಮೂರು-ನಾಲ್ಕು ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪಿನಲ್ಲಿ, ಮುಗಿಯುತ್ತದೆ. ಇರುವುದೆಲ್ಲ ಮಾತಿನಲ್ಲಿ.

ಹಾಗಾಗಿ ಕೊನೇ ಸಾಲಿನ ಕುರ್ಚಿಗೆ ಪ್ರತಿ ಪದ ಸಲೀಸಾಗಿ ಕೇಳಬೇಕು. ನಿಮ್ಮ ಗುರಿ ಇದೊಂದೇ. ಸಣ್ಣ ಹಾಲ್‌ಗಳಲ್ಲಿ ಸೌಂಡ್ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ, ಇದಕ್ಕೆ ಸ್ಪೀಕರ್ ಮಾಡುವ ಕೆಲಸ ಕಡಿಮೆ. ಕುರ್ಚಿ, ಜಮಖಾನೆ, ಪರದೆ ಮಾಡುವ ಕೆಲಸವೇ ಜಾಸ್ತಿ. ನಿಮ್ಮ ಇಬ್ಬರು ಸ್ನೇಹಿತರೂ ಅರ್ಧರ್ಧ ಸರಿ, ಅರ್ಧರ್ಧ ತಪ್ಪು.

ಮೊದಲು ದೊಡ್ಡ ಸ್ಪೀಕರ್ ಸ್ನೇಹಿತರನ್ನು ನೋಡೋಣ. ಜೋರಾಗಿ ಕೇಳುವುದು ಬೇರೆ, ಸ್ಪಷ್ಟವಾಗಿ ಕೇಳುವುದು ಬೇರೆ. ಕಿವಿಗೆ ಎರಡು ಥರದ ಸದ್ದು ಬರುತ್ತದೆ. ಒಂದು ಹಾಡುವವರ ಬಾಯಿಂದ, ಅಥವಾ ಸ್ಪೀಕರಿಂದ, ನೇರವಾಗಿ ಬರುವುದು. ಇನ್ನೊಂದು ಗೋಡೆ, ಸೀಲಿಂಗ್, ಗಾಜಿಗೆ ಬಡಿದು ತಡವಾಗಿ ಬರುವುದು. ಸ್ವರಗಳು ಉದ್ದ, ಗಟ್ಟಿ. ಕ, ತ, ಪ, ಸ ಇವೆಲ್ಲ ಚಿಕ್ಕವು, ಮೆತ್ತಗಿನವು. ತಡವಾಗಿ ಬಂದ ಹಿಂದಿನ ಸ್ವರದ ಬಾಲ ಈಗಿನ ವ್ಯಂಜನದ ಮೇಲೆ ಬಿದ್ದರೆ ಪದ ಮುಚ್ಚಿಹೋಗುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಗೊಂದಲ ಹಾಗೇ ಇರುತ್ತದೆ, ಜೋರಾದ ಗೊಂದಲ ಆಗುತ್ತದೆ ಅಷ್ಟೇ.

ನಿಮ್ಮ ಹಾಲ್‌ನ ಲೆಕ್ಕ ಹಾಕಿದೆ. 20, 26, 18 ಅಡಿ ಅಂದರೆ ಸುಮಾರು 265 ಘನ ಮೀಟರ್ ಗಾಳಿ. ಮರದ ನೆಲ, ಗಾಜು, ಬೋಳು ಗೋಡೆ ಸೇರಿ ಖಾಲಿ ಕೋಣೆ ಸದ್ದನ್ನು ಹೀರುವುದು ತೀರಾ ಕಡಿಮೆ. ಒಂದು ಸದ್ದು ಪೂರ್ತಿ ಅಡಗಲು ಒಂದೂಮುಕ್ಕಾಲು ಸೆಕೆಂಡ್ ಹಿಡಿಯಬಹುದು. ಮಾತಿಗೆ ಅದು ಬಹಳ ಜಾಸ್ತಿ. ಅದೇ ಕೋಣೆಯಲ್ಲಿ 35 ಜನ ಬಟ್ಟೆಬರೆ ಸಮೇತ ಕೂತು, ನೆಲಕ್ಕೆ ಜಮಖಾನೆ ಬಿದ್ದು, ಗಾಜಿಗೆ ದಪ್ಪ ಪರದೆ ಬಂದರೆ 0.8 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಅಷ್ಟಾದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇದು ಅಂದಾಜು ಲೆಕ್ಕ. ಅಡುಗೆಮನೆ ತೆರೆದಿರುವುದರಿಂದ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ದಿಕ್ಕು ಇದೇ.

ಇನ್ನು ಆ ಕುಂಯ್. ಸ್ಪೀಕರಿಂದ ಬಂದ ಸದ್ದು ವಾಪಸ್ ಮೈಕಿಗೆ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು, ಒಂದೊಂದು ಸುತ್ತಿಗೂ ಬೆಳೆಯುತ್ತಾ ಹೋದರೆ ಅದೇ ಫೀಡ್‌ಬ್ಯಾಕ್. ಎಲ್ಲಿಗೆ ಕೂಗು ಶುರುವಾಗುತ್ತದೆ ಅನ್ನುವುದು ಸ್ಪೀಕರ್ ಎಷ್ಟು ವಾಟ್ ಅನ್ನುವುದರ ಮೇಲೆ ನಿಂತಿಲ್ಲ. ಬಾಯಿಗೂ ಮೈಕಿಗೂ ಎಷ್ಟು ದೂರ, ಮೈಕಿಗೂ ಸ್ಪೀಕರಿಗೂ ಎಷ್ಟು ದೂರ, ಕೋಣೆ ಎಷ್ಟು ಸದ್ದು ವಾಪಸ್ ಕೊಡುತ್ತದೆ, ಇವು ಮೂರೇ ಮುಖ್ಯ. 200 ವಾಟಿನ ಸ್ಪೀಕರ್ ಕೂಗುವ ಜಾಗದಲ್ಲಿ 1000 ವಾಟಿನದೂ ಕೂಗುತ್ತದೆ, ಅದೂ ಅಷ್ಟೇ ವಾಲ್ಯೂಮಿಗೆ. ಬಾಡಿಗೆ ಮಾತ್ರ ಜಾಸ್ತಿ.

ಒಂದು ಲೆಕ್ಕ ನೆನಪಿಡಿ. ಹಾಡುವವರ ಬಾಯಿ ಮೈಕಿಂದ 8 ಇಂಚು ದೂರ ಇದ್ದದ್ದು 2 ಇಂಚಿಗೆ ಬಂದರೆ ಮೈಕಿಗೆ 12 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಜಾಸ್ತಿ ಸಿಗುತ್ತದೆ. ಅಷ್ಟನ್ನೇ ಆಂಪ್ಲಿಫೈಯರ್‌ನಿಂದ ತೆಗೆಯಬೇಕಾದರೆ 16 ಪಟ್ಟು ವಾಟ್ ಬೇಕು. ನಮ್ಮ ಕಛೇರಿಗಳಲ್ಲಿ ಹಾಡುವವರು ಚಕ್ಕಂಬಟ್ಟಲು ಹಾಕಿ ಕೂತು, ಮೈಕನ್ನು ಮೊಣಕಾಲಿನ ಹತ್ತಿರ ಎಲ್ಲೋ ಬಿಟ್ಟಿರುತ್ತಾರೆ ಅಲ್ವಾ? ವಯೊಲಿನ್ ಮೈಕ್ ಅದಕ್ಕಿಂತ ದೂರ. ಆಮೇಲೆ ಸೌಂಡಿನವನನ್ನು ಬೈಯುವುದು.

ಈಗ ಮೈಕೇ ಬೇಡ ಅನ್ನುವ ಸ್ನೇಹಿತರು. ಅವರ ಮನಸ್ಸಿನಲ್ಲಿರುವ ಚಿತ್ರ ಗೊತ್ತು: ಮನೆಯ ಜಗಲಿ, ಒಂದು ಗಿಟಾರ್, ಕರೆಂಟಿಲ್ಲದ ಕಾಲದ ಸಂಗೀತ. ಚಿತ್ರ ಚೆನ್ನಾಗಿದೆ. ಚರಿತ್ರೆ ಸ್ವಲ್ಪ ಬೇರೆ ಇದೆ. ನಿಮ್ಮ ರಾಜ್ಯದ ಪಶ್ಚಿಮದ ಬೆಟ್ಟ ದಾಟಿದರೆ ಬ್ರಿಸ್ಟಲ್ ಊರು ಸಿಗುತ್ತದೆ. ಅರ್ಧ ಟೆನೆಸಿಯಲ್ಲಿ, ಅರ್ಧ ವರ್ಜೀನಿಯಾದಲ್ಲಿ. 1927ರ ಜುಲೈ–ಆಗಸ್ಟ್‌ನಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಅಲ್ಲಿ ರೆಕಾರ್ಡಿಂಗ್ ಯಂತ್ರ ಹೂಡಿ ಕೂತ. ಕಾರ್ಟರ್ ಕುಟುಂಬ, ಜಿಮ್ಮಿ ರಾಜರ್ಸ್ ಇಬ್ಬರೂ ಮೊದಲು ರೆಕಾರ್ಡ್ ಆದದ್ದು ಅಲ್ಲೇ. ಕಂಟ್ರಿ ಸಂಗೀತದ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡುತ್ತಾರೆ. ಅದಕ್ಕೆ ಎರಡು ವರ್ಷ ಮೊದಲಷ್ಟೇ ರೆಕಾರ್ಡಿಂಗಿಗೆ ಎಲೆಕ್ಟ್ರಿಕ್ ಮೈಕ್ ಬಂದಿತ್ತು. ಅದಕ್ಕೂ ಮುಂಚೆ ದೊಡ್ಡ ಕೊಂಬಿನೊಳಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಕಿವಿಯ ಹತ್ತಿರ ಬಂದು ಗುಟ್ಟು ಹೇಳುವ ಹಾಗೆ ಹಾಡುವ ಈ ಶೈಲಿ ಬೆಳೆದದ್ದೇ ಮೈಕಿನಿಂದ. ಮೈಕ್ ಇಟ್ಟರೆ ಅಕೂಸ್ಟಿಕ್ ಸಂಗೀತದ ಮಡಿ ಕೆಡುತ್ತದೆ ಅನ್ನುವುದು ಸುಮ್ನೆ ಮಾತು.

ಗಂಟಲು ತೆರೆದು ಹಾಡುವವರಾದರೆ ನಿಮ್ಮ ಹಾಲ್‌ನಲ್ಲಿ ಮೈಕಿಲ್ಲದೆಯೂ ನಡೆಯುತ್ತದೆ. ಮೆತ್ತಗೆ ಹಾಡುವವರಾದರೆ ನಡೆಯುವುದಿಲ್ಲ. ಯಾಕೆಂದರೆ ದೊಡ್ಡ ಹೊಟ್ಟೆಯ ಸ್ಟೀಲ್ ತಂತಿಯ ಗಿಟಾರನ್ನು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಬಾರಿಸಿದರೆ ಅದೇ ಗಂಟಲನ್ನು ನುಂಗಿಬಿಡುತ್ತದೆ. ಇಬ್ಬರಿಗೂ ಒಂದು ಫೋನ್ ಮಾಡಿ. "ಮೈಕಿಲ್ಲದೆ 30 ಜನರಿಗೆ ಹಾಡಿದ್ದೀರಾ? ಇಷ್ಟ ಆಯಿತಾ?" ಅಂತ ಕೇಳಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ನನ್ನನ್ನು ಕೇಳಿದರೆ ಮೈಕ್ ಇಡಿ, ಆದರೆ ಇಟ್ಟದ್ದು ಯಾರಿಗೂ ಗೊತ್ತಾಗಬಾರದು. ಅದಕ್ಕೂ ಮೊದಲು ಕೋಣೆ.

ಜನರನ್ನು 35ಕ್ಕೆ ನಿಲ್ಲಿಸಿ. 45 ಬೇಡ. ಒಬ್ಬರಿಗೆ ಹತ್ತು ಚದರಡಿ ಅಂದರೂ 350 ಆಯಿತು, ಇರುವುದೇ 520. ಹಾಡುವವರಿಗೆ ಜಾಗ, ಓಡಾಡಲು ದಾರಿ, ಬಾಗಿಲು ಬಿಟ್ಟರೆ ಉಳಿಯುವುದು ಅಷ್ಟೇ. ಹೋದ ಸಲ ಕುರ್ಚಿಗಳನ್ನು ಉದ್ದಕ್ಕೆ ಹಾಕಿದ್ದಿರಿ ಅನ್ನಿಸುತ್ತದೆ. ಎಲ್ಲರೂ ಹಾಗೇ ಹಾಕುವುದು. ಈ ಸಲ ಅಡ್ಡಕ್ಕೆ ತಿರುಗಿಸಿ. 26 ಅಡಿ ಗೋಡೆಯ ನಡುಭಾಗದಲ್ಲಿ ಹಾಡುವವರು ಕೂರಲಿ. ಎದುರಿಗೆ ಸಾಲಿಗೆ 11–12ರಂತೆ ಮೂರೇ ಸಾಲು, ಸ್ವಲ್ಪ ಬಿಲ್ಲಿನ ಹಾಗೆ ಬಾಗಿಸಿ. ಉದ್ದಕ್ಕೆ ಹಾಕಿದಾಗ ಕೊನೇ ಕುರ್ಚಿ 20 ಅಡಿ ದೂರ ಇರುತ್ತಿತ್ತು. ಈಗ ನಡುವಿನವರಿಗೆ 11–12 ಅಡಿ. ನೇರ ಸದ್ದು 4 ಡೆಸಿಬೆಲ್‌ಗಿಂತ ಜಾಸ್ತಿ ಸಿಕ್ಕಿತು. ಎರಡೂವರೆ ಪಟ್ಟು ವಾಟ್ ಕೊಟ್ಟ ಹಾಗೆ, ಒಂದು ಪೈಸೆ ಖರ್ಚಿಲ್ಲದೆ. ಇನ್ನೂ ಒಂದು ಲಾಭ ಇದೆ. ಕೊನೇ ಸಾಲಿನವರಿಗೂ ಹಾಡುವವರ ಮುಖ, ತುಟಿ ಕಾಣುತ್ತದೆ. ತುಟಿ ಕಂಡರೆ ಅಮೆರಿಕದ ದಕ್ಷಿಣದ ಉಚ್ಚಾರಣೆ ನಮ್ಮವರಿಗೆ ಅರ್ಧ ಸುಲಭ ಆಗುತ್ತದೆ.

ಗಾಜಿನ ಕಿಟಕಿ ಅವರ ಎದುರಿಗೂ ಬೇಡ, ಬೆನ್ನಿಗೂ ಬೇಡ. ಪಕ್ಕಕ್ಕೆ ಬಂದರೆ ಸರಿ. ಬರದಿದ್ದರೆ ದಪ್ಪ ಪರದೆ ಎಳೆಯಿರಿ. ತೆಳು ಬಟ್ಟೆ ಏನೂ ಮಾಡುವುದಿಲ್ಲ. ಅವರ ಬೆನ್ನ ಹಿಂದೆ ಒಂದೆರಡು ರಜಾಯಿ ತೂಗುಹಾಕಿ. ಗೋಡೆಗೆ ಅಂಟಿಸಿದ ಹಾಗಲ್ಲ, ಒಂದು ಗೇಣಿನಷ್ಟು ಬಿಟ್ಟು. ಆ ಸಂದು ಇದ್ದರೆ ಬಟ್ಟೆ ಇನ್ನೂ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಅವರ ಕಾಲ ಕೆಳಗೆ ಜಮಖಾನೆ ಬೇಕೇ ಬೇಕು. ಇವರು ಕಾಲಲ್ಲಿ ತಾಳ ಹಾಕುತ್ತಾರೆ. ಮರದ ನೆಲ, ಬೂಟು, ಅದರ ಮೇಲೆ ಮೈಕ್ ಸ್ಟ್ಯಾಂಡ್: ಪ್ರತಿ ತಾಳಕ್ಕೂ ಸ್ಪೀಕರಲ್ಲಿ ದಬ್ ಅನ್ನುತ್ತದೆ.

ಫ್ರಿಜ್ ಆರಿಸಿ. ನಗಬೇಡಿ. ತೆರೆದ ಅಡುಗೆಮನೆಯ ಫ್ರಿಜ್ ಸದ್ದು ದಿನಾ ಕೇಳಿ ನಿಮಗೆ ಕಿವಿ ಸತ್ತಿರುತ್ತದೆ. ಒಬ್ಬರು ಗಿಟಾರ್ ನಿಲ್ಲಿಸಿ ಕೊನೇ ಸಾಲನ್ನು ಬರೀ ಗಂಟಲಲ್ಲಿ ಹೇಳಿದಾಗ ಆ ಗುಂಯ್ ಎದ್ದು ಕೂರುತ್ತದೆ. ಕಛೇರಿಯಲ್ಲಿ ತಂಬೂರಿ ಇಂಥದ್ದನ್ನೆಲ್ಲ ಮುಚ್ಚುತ್ತಿತ್ತು, ಇಲ್ಲಿ ಮುಚ್ಚಲು ಏನೂ ಇಲ್ಲ. ಫ್ರಿಜ್ ಆರಿಸಿದಾಗ ನಿಮ್ಮ ಕಾರಿನ ಕೀ ಅದರೊಳಗೆ ಇಡಿ. ಸಿನಿಮಾ ಸೌಂಡಿನವರ ಹಳೇ ಉಪಾಯ ಇದು. ಮರೆತು ಮಲಗಿದರೂ ಬೆಳಗ್ಗೆ ಆಫೀಸಿಗೆ ಹೊರಟಾಗ ನೆನಪಾಗುತ್ತದೆ. ಎಸಿ ಅಥವಾ ಹೀಟರ್ ಗಾಳಿಯೂ ಹಾಡಿನ ಹೊತ್ತಿಗೆ ನಿಲ್ಲಬೇಕು. ಆದರೆ ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತದೆ. 35 ಜನ ಅಂದರೆ ಮೂರೂವರೆ ಕಿಲೋವಾಟ್. ಹಾಗಾಗಿ ಸಂಜೆ ನಾಲ್ಕಕ್ಕೇ ಮನೆಯನ್ನು ಚೆನ್ನಾಗಿ ತಂಪು ಮಾಡಿಡಿ. ಬ್ರೇಕಿನಲ್ಲಿ ಮತ್ತೆ ಹಾಕಿ.

ಗಿಟಾರಿಗೂ ಹವೆ ಮುಖ್ಯ. ಮರಕ್ಕೆ 45ರಿಂದ 55 ಶೇಕಡಾ ತೇವ ಹಿತ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಅದಕ್ಕಿಂತ ಬಹಳ ಒಣಗಿರುತ್ತದೆ. ಹಳೇ ಗಿಟಾರಿನವರಿಗೆ ಇದನ್ನು ಮೊದಲೇ ಹೇಳಿ. ಅವರು ಬೇಗ ಬಂದು, ಪೆಟ್ಟಿಗೆ ತೆರೆದು, ಗಿಟಾರನ್ನು ಕೋಣೆಗೆ ಒಗ್ಗಿಸಿಕೊಳ್ಳಲಿ. ಹೀಟರ್ ಕಿಂಡಿಯ ಕೆಳಗೆ ಮಾತ್ರ ಅವರ ಕುರ್ಚಿ ಹಾಕಬೇಡಿ.

ಕುರ್ಚಿ ಅಂದಾಗ ನೆನಪಾಯಿತು. ಕೈ ಇಲ್ಲದ ಕುರ್ಚಿ ಕೊಡಿ. ಹೊಸಬರು ಮಾಡುವ ದೊಡ್ಡ ತಪ್ಪು, ಗೌರವಕ್ಕೆ ಅಂತ ಒಳ್ಳೇ ಸೋಫಾ ಕುರ್ಚಿ ಹಾಕುವುದು. ಗಿಟಾರಿನ ಕೆಳಮೈ ಕುರ್ಚಿಯ ಕೈಗೆ ಕುಟ್ಟುತ್ತದೆ, ಬಲ ಮೊಣಕೈ ಆಡುವುದಿಲ್ಲ. ಊಟದ ಮೇಜಿನ ಕುರ್ಚಿ ಸಾಕು. ಎರಡು ಕುರ್ಚಿ ನಾಲ್ಕೈದು ಅಡಿ ಅಂತರದಲ್ಲಿ, ಒಬ್ಬರು ಇನ್ನೊಬ್ಬರ ಎಡಗೈ ಕಾಣುವ ಹಾಗೆ ಸ್ವಲ್ಪ ಒಳಕ್ಕೆ ತಿರುಗಿರಲಿ. ಆ ಎಡಗೈ ನೋಡಿಯೇ ಇವರು ಒಬ್ಬರ ಹಾಡಿಗೆ ಇನ್ನೊಬ್ಬರು ಕಾರ್ಡ್ ಸೇರಿಸುವುದು. ನಡುವೆ ಒಂದು ಸಣ್ಣ ಟೀಪಾಯಿ. ಅದರ ಮೇಲೆ ನೀರು, ಕೇಪೋ (ಶ್ರುತಿ ಏರಿಸಲು ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್), ಹಾಡಿನ ಪಟ್ಟಿ. ನೀರಿಗೆ ಐಸ್ ಬೇಡ, ಗ್ಲಾಸಿನಲ್ಲಿ ಟಣ್ ಟಣ್ ಅನ್ನುತ್ತದೆ.

ಈಗ ಮೈಕಿಗೆ ಬರೋಣ. ಗಂಟಲಿಗೆ ತಲಾ ಒಂದು ಸಾಧಾರಣ ಡೈನಾಮಿಕ್ ಮೈಕ್, ಕಾರ್ಡಿಯಾಯಿಡ್ ಥರದ್ದು. ಅದಕ್ಕೆ ಬೆನ್ನ ಕಡೆಯಿಂದ ಬಂದ ಸದ್ದು ಕೇಳುವುದು ಕಡಿಮೆ. ಬಾಯಿಂದ ಎರಡು ಮೂರು ಇಂಚು. ಅಷ್ಟು ಹತ್ತಿರ ಬಂದರೆ ದನಿಯ ತಳ ಉಬ್ಬುತ್ತದೆ. ಅದಕ್ಕೆ ಮಿಕ್ಸರಿನಲ್ಲಿ ಲೋ ಕಟ್ ಬಟನ್ ಒತ್ತಿ. ಸ್ಪೀಕರ್ ಎರಡು ಸಣ್ಣವು ಸಾಕು. ಸ್ಟ್ಯಾಂಡಿನ ಮೇಲೆ, ಕೂತವರ ತಲೆಗಿಂತ ಸ್ವಲ್ಪ ಮೇಲೆ. ಇಷ್ಟು ಮಾತ್ರ ತಪ್ಪಬಾರದು: ಸ್ಪೀಕರ್ ಮೈಕಿಗಿಂತ ಮುಂದೆ, ಜನರ ಕಡೆಗೆ ಇರಬೇಕು. ಹಾಡುವವರ ಹಿಂದೆ ಇಟ್ಟಿರೋ, ಹೋದ ಸಲದ್ದೇ ಕಥೆ. ಹಾಡುವವರಿಗಾಗಿ ಅವರ ಕಡೆ ತಿರುಗಿಸಿ ಇಡುವ ಮಾನಿಟರ್ ಸ್ಪೀಕರ್ ಈ ಅಳತೆಯ ಕೋಣೆಗೆ ಬೇಡವೇ ಬೇಡ.

ಪಿಕಪ್ ಇರುವ ಗಿಟಾರ್ ಸುಲಭ, ಆದರೆ ಒಂದು ಕಿರಿಕಿರಿ ಇದೆ. ಬಹಳಷ್ಟು ಪಿಕಪ್‌ಗಳು ತಂತಿ ಕೂರುವ ಸ್ಯಾಡಲ್ ಕೆಳಗಿನ ಒತ್ತಡದಿಂದ ಕೆಲಸ ಮಾಡುತ್ತವೆ. ಅದಕ್ಕೆ ದನಿ ಸ್ವಲ್ಪ ಪ್ಲಾಸ್ಟಿಕ್ಕಿನ ಹಾಗೆ ಬರುತ್ತದೆ. ನೇರವಾಗಿ ಮಿಕ್ಸರಿಗೆ ಚುಚ್ಚಬೇಡಿ. ನಡುವೆ ಡಿಐ ಬಾಕ್ಸ್ ಇರಲಿ, ಪಿಕಪ್ಪಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಡಬ್ಬಿ ಅದು. ಅವರ ಹತ್ತಿರವೇ ಇರುತ್ತದೆ, ಕೇಳಿ. ಪಿಕಪ್ ಇಲ್ಲದ ಗಿಟಾರಿಗೆ ಒಂದು ಮೈಕ್. ಕಾಂಡಕ್ಕೂ ಹೊಟ್ಟೆಗೂ ಸೇರುವ ಜಾಗಕ್ಕೆ ಗುರಿಯಿಟ್ಟು, ಎಂಟು ಹತ್ತು ಇಂಚು ದೂರ. ಎಲ್ಲರೂ ನಡುವಿನ ತೂತಿನ ಮುಂದೆ ಇಡುತ್ತಾರೆ. ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಇದೆ, ದೊಡ್ಡ ಗಿಟಾರಾದರೆ ಸುಮಾರು 100 ಹರ್ಟ್ಜ್. ಅದು ಆ ತೂತಿನಿಂದಲೇ ಹೊರಗೆ ಬರುವುದು. ಹೆಬ್ಬೆರಳಲ್ಲಿ ಬಾಸ್ ತಂತಿ ಮೀಟುವ ಶೈಲಿಯವರಾದರೆ ಬೂಂ ಬೂಂ ಅಂತ ಅದೊಂದೇ ಸ್ವರ ಹಾಲ್ ತುಂಬುತ್ತದೆ. ಜಮಖಾನೆ, ಪರದೆ ಅಷ್ಟು ಕೆಳಗಿನ ಸ್ವರವನ್ನು ಹೀರುವುದಿಲ್ಲ. ಪಿಕಪ್ ಗಿಟಾರೂ ಹೀಗೇ ಗುಮ್ಮೆಂದರೆ ತೂತಿಗೆ ಹಾಕುವ ರಬ್ಬರ್ ಮುಚ್ಚಳ ಸಿಗುತ್ತದೆ. ಹತ್ತಿಪ್ಪತ್ತು ಡಾಲರಿನದು, ಕೆಲಸ ಮಾಡುತ್ತದೆ.

ಒಂದು ಗಿಟಾರ್ ಪಿಕಪ್ಪಿನಿಂದ, ಇನ್ನೊಂದು ಮೈಕಿನಿಂದ ಬಂದರೆ ಒಂದು ಹತ್ತಿರ, ಒಂದು ದೂರ ಇದ್ದ ಹಾಗೆ ಕೇಳುತ್ತದೆ. ಆಗ ಪಿಕಪ್ಪಿನದನ್ನು ತಗ್ಗಿಸಿ. ಇನ್ನೊಂದನ್ನು ಏರಿಸಲು ಹೋದರೆ ಅದೇ ಮೊದಲು ಕೂಗುವುದು. ಎರಡೂ ಗಿಟಾರನ್ನು ಸ್ಪೀಕರಿಗೆ ಕೊಡದೆ, ಬರೀ ಗಂಟಲಿಗೆ ಮಾತ್ರ ಸ್ವಲ್ಪ ಬಲ ಕೊಡುವುದೂ ಒಂದು ದಾರಿ. 11 ಅಡಿಗೆ ಗಿಟಾರ್ ಹಾಗೇ ಕೇಳುತ್ತದೆ. ಇಂಥ ಕೋಣೆಗೆ ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಇಬ್ಬರೂ ಒಂದೇ ಒಳ್ಳೇ ಕಂಡೆನ್ಸರ್ ಮೈಕಿನ (ದೂರದ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಸುತ್ತ ನಿಂತು ಹಾಡುವ, ಬ್ಲೂಗ್ರಾಸ್ ಅನ್ನುವ ಕಂಟ್ರಿ ಪ್ರಕಾರದವರ ಪದ್ಧತಿಯೂ ಇದೆ. ನೋಡಲು ಸೊಗಸು. ಆದರೆ ಯಾವಾಗ ಹತ್ತಿರ ಬರಬೇಕು, ಯಾವಾಗ ಸರಿಯಬೇಕು ಅನ್ನುವುದು ಅವರಿಗೆ ಕರಗತ ಆಗಿರಬೇಕು. ಜೊತೆಗೆ ಫೀಡ್‌ಬ್ಯಾಕ್ ಬೇಗ ಬರುತ್ತದೆ. ಅವರಾಗಿ ಕೇಳದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಸೌಂಡ್ ಚೆಕ್ ಖಾಲಿ ಹಾಲ್‌ನಲ್ಲಿ ಮಾಡುವಾಗ ಎಲ್ಲ ತೇಲಿದ ಹಾಗೆ ಕೇಳುತ್ತದೆ. ಗಾಬರಿ ಬೇಡ, ಗುಬುಟು ತಿರುಗಿಸುತ್ತಾ ಕೂರಬೇಡಿ. ಜನ ಬಂದು ಕೂತಮೇಲೆ ಕೋಣೆಯ ಗುಂಗು ಅಡಗುತ್ತದೆ. ನೀವು ಕೊನೇ ಕುರ್ಚಿಯಲ್ಲಿ ಕೂತು, ಮೈಕಿನಲ್ಲಿ ಯಾವುದಾದರೂ ಪತ್ರಿಕೆ ಓದಲು ಒಬ್ಬರಿಗೆ ಹೇಳಿ. ಹಾಡು ಬೇಡ, ಓದು. ಪದ ಪೂರ್ತಿ ತಿಳಿದರೆ ಆಯಿತು, ಕೈ ತೆಗೆಯಿರಿ.

ಇಬ್ಬರು ಹಾಡುವ ಕ್ರಮದ ಬಗ್ಗೆ ನೀವು ಕೇಳಿಲ್ಲ, ಆದರೆ ಗೊತ್ತಿದ್ದರೆ ಒಳ್ಳೆಯದು. ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು ಅಂತ ಮಾಡಿದರೆ ಮೊದಲಿನವರು ಪಕ್ಕವಾದ್ಯದ ಮರ್ಯಾದೆಗೆ ಇಳಿದುಬಿಡುತ್ತಾರೆ. ಇಬ್ಬರೂ ಒಟ್ಟಿಗೆ ಕೂತು, ಒಂದು ಹಾಡು ಇವರದು, ಒಂದು ಅವರದು ಅಂತ ಹೋಗುವುದು ಇಲ್ಲಿನ ಚೆಂದದ ಪದ್ಧತಿ. ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ ಇದಕ್ಕೆ ಹೆಸರುವಾಸಿ. 1982ರಲ್ಲಿ ಏಮಿ ಕರ್ಲಂಡ್ ಶುರು ಮಾಡಿದ ಜಾಗ. ಸುಮಾರು 90 ಸೀಟು ಅಷ್ಟೇ, ಅದೂ ಒಂದು ಸಾಧಾರಣ ಅಂಗಡಿ ಸಾಲಿನಲ್ಲಿ. 1985ರಿಂದ ಅಲ್ಲಿ ಹಾಡು ಬರೆಯುವವರು ವೇದಿಕೆ ಬಿಟ್ಟು ಕೋಣೆಯ ನಡುವೆ ಸುತ್ತ ಕೂತು ಸರದಿಯ ಮೇಲೆ ಹಾಡುತ್ತಾರೆ. ಇನ್ ದ ರೌಂಡ್ ಅನ್ನುತ್ತಾರೆ. ಹಾಡಿನ ನಡುವೆ ಮಾತಾಡಿದರೆ ಶ್ ಅನ್ನಿಸಿಕೊಳ್ಳಬೇಕು. ಅದೇ ಅಲ್ಲಿನ ಕಾನೂನು.

ಹೀಗೆ ಸರದಿ ಮಾಡಿದಾಗ ಒಬ್ಬರು ಹಾಡುತ್ತಿರುವಾಗ ಇನ್ನೊಬ್ಬರ ಮೈಕನ್ನು ಪೂರ್ತಿ ಮುಚ್ಚಲು ಹೋಗಬೇಡಿ. ಎರಡನೇ ಪಲ್ಲವಿಗೆ ಅವರು ಇದ್ದಕ್ಕಿದ್ದಂತೆ ದನಿ ಸೇರಿಸುತ್ತಾರೆ. ಸಂಜೆಯ ಒಳ್ಳೇ ಗಳಿಗೆಗಳು ಅವೇ. ನಿಮ್ಮ ಬೆರಳು ತಡವಾಗಿರುತ್ತದೆ. ಹಾಡುಗಳ ನಡುವೆ ಶ್ರುತಿ ಮಾಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಕೇಪೋ ಜಾಗ ಬದಲಾದರೆ ತಂತಿ ಸ್ವಲ್ಪ ಏರುತ್ತದೆ. ಕೆಲವು ಹಾಡಿಗೆ ದಪ್ಪ ಬಾಸ್ ತಂತಿಯ ಶ್ರುತಿಯನ್ನೇ ಇಳಿಸುತ್ತಾರೆ. ಆ ಹೊತ್ತಲ್ಲೇ ಅವರು ಹಾಡಿನ ಹಿಂದಿನ ಕಥೆ ಹೇಳುವುದು. ಅದು ಕಾರ್ಯಕ್ರಮದ ಭಾಗ. "ಬೇಗ ಮುಂದಿನ ಹಾಡು" ಅನ್ನುವ ಮುಖ ಮಾಡಬಾರದು. 45 ನಿಮಿಷ, 20–25 ನಿಮಿಷ ಬ್ರೇಕ್, ಮತ್ತೆ 45 ನಿಮಿಷ. ಇದು ಸರಿಯಾದ ಅಳತೆ.

ನಮ್ಮ ಕನ್ನಡದ ಅತಿಥಿಗಳಿಗೆ ಬೇಸರ ಆಗುತ್ತದೆ ಅನ್ನುವ ಭಯ ಬಿಡಿ. ಧಾರವಾಡದ ಕಡೆಯ ಬೈಠಕ್ ಕಂಡವರಿಗೆ ಹತ್ತಿರ ಕೂತು ಕೇಳುವ ರುಚಿ ಹೇಳಿಕೊಡಬೇಕಿಲ್ಲ. ಆಮಂತ್ರಣದಲ್ಲೇ ಎರಡು ಸಾಲು ಬರೆಯಿರಿ: ಕಂಟ್ರಿ, ಫೋಕ್, ಬ್ಲೂಸ್, ಗಾಸ್ಪೆಲ್ ಎಲ್ಲದರ ಬೇರಿನಿಂದ ಬಂದು ರೇಡಿಯೋದ ಹೊಳಪಿನ ಕಂಟ್ರಿಯಿಂದ ಸ್ವಲ್ಪ ದೂರ ನಿಂತದ್ದನ್ನು ಈಗ ಅಮೆರಿಕಾನಾ ಅನ್ನುತ್ತಾರೆ. 2010ರಿಂದ ಇದಕ್ಕೆ ಗ್ರ್ಯಾಮಿಯಲ್ಲಿ ಬೇರೆಯೇ ಪ್ರಶಸ್ತಿ ಇದೆ. ನಿಮ್ಮ ಪಕ್ಕದ ಕ್ಯಾರ್‌ಬರೊದ ಎಲಿಜಬೆತ್ ಕಾಟನ್ ಹೆಸರೂ ಹೇಳಿ. ಎಡಗೈಯವರು, ತಂತಿ ಬದಲಿಸದೆ ಗಿಟಾರನ್ನೇ ತಿರುಗಿಸಿ ಹಿಡಿದು, ಎಲ್ಲರೂ ಹೆಬ್ಬೆರಳಲ್ಲಿ ನುಡಿಸುವುದನ್ನು ಬೆರಳಲ್ಲಿ, ಬೆರಳಲ್ಲಿ ನುಡಿಸುವುದನ್ನು ಹೆಬ್ಬೆರಳಲ್ಲಿ ನುಡಿಸಿದವರು. ಊರಿನವರ ಕಥೆ ಅಂದರೆ ಜನ ಕಿವಿ ಕೊಡುತ್ತಾರೆ. ಸಾಹಿತ್ಯ ಪ್ರಿಂಟ್ ಮಾಡಿ ಹಂಚಬೇಡಿ. ಎಲ್ಲರೂ ಕಾಗದ ನೋಡುತ್ತಾ ಕೂರುತ್ತಾರೆ, ಸರಸರ ಸದ್ದು ಬೇರೆ.

ಎರಡು ಅಭ್ಯಾಸ ಮಾತ್ರ ಮೊದಲೇ ಹೇಳಿ ತಪ್ಪಿಸಿ. ಹಾಡಿನ ನಡುವೆ "ವಾಹ್", "ಭೇಷ್" ಅನ್ನುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿ ಆ ಒಂದು ಪದದ ಕೆಳಗೆ ಅವರ ಒಂದು ಸಾಲು ಹೋಗುತ್ತದೆ. ನಗು ಬಂದರೆ ನಗಲಿ, ಹೊಗಳಿಕೆ ಹಾಡು ಮುಗಿದಮೇಲೆ. ಇನ್ನೊಂದು ಚಪ್ಪಾಳೆ. ನಮಗೆ ತಾಳ ಅಂದರೆ ಮೊದಲ ಏಟಿಗೇ ತಟ್ಟುವುದು. ಇಲ್ಲಿನವರು ತಟ್ಟುವುದು ಎರಡು ಮತ್ತು ನಾಲ್ಕಕ್ಕೆ. 15 ಜನ ಒಂದು-ಮೂರಕ್ಕೆ, 15 ಜನ ಎರಡು-ನಾಲ್ಕಕ್ಕೆ ತಟ್ಟಿದರೆ ಹಾಡುವವರು ಪಾಪ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರು ಕರೆದಾಗ ಮಾತ್ರ ತಟ್ಟಲಿ. ಚಕ್ಕುಲಿ, ಕೋಡುಬಳೆ ಬ್ರೇಕಿಗೆ. ಹಾಡಿನ ಹೊತ್ತಿಗೆ ಬೇಕೇ ಬೇಕು ಅಂದರೆ ಬರ್ಫಿ, ಬಾಳೆಹಣ್ಣು.

ದುಡ್ಡು, ಕಾನೂನು. ನಾನು ವಕೀಲ ಅಲ್ಲ, ಈ ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ. "ಡೊನೇಷನ್ ಅಂತ ಬರೆದರೆ ಲೈಸೆನ್ಸ್ ಬೇಡ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಅದು ಹಾಗಿಲ್ಲ. ಅಮೆರಿಕದ ಕಾಪಿರೈಟ್ ಕಾನೂನು ನೋಡುವುದು, ಕುಟುಂಬ ಮತ್ತು ಅದರ ಸ್ನೇಹ ಬಳಗದ ಆಚೆಯವರು ಗಣನೀಯ ಸಂಖ್ಯೆಯಲ್ಲಿ ಸೇರಿದ್ದಾರಾ ಅನ್ನುವುದನ್ನು. ಸೇರಿದ್ದರೆ ಮನೆಯಾದರೂ ಅದು ಸಾರ್ವಜನಿಕ ಪ್ರದರ್ಶನ. ಹಾಡುವವರಿಗೂ ನಡೆಸುವವರಿಗೂ ಕಾಸು ಕೊಡದ ದತ್ತಿ ಕಾರ್ಯಕ್ರಮಗಳಿಗೆ ಒಂದು ವಿನಾಯಿತಿ ಇದೆ. ನೀವು ಕೊಡುತ್ತಿದ್ದೀರಿ, ಹಾಗಾಗಿ ಅದು ನಿಮಗೆ ಬರುವುದಿಲ್ಲ. ಹಾಡು ಬರೆದವರ ಪರವಾಗಿ ಶುಲ್ಕ ವಸೂಲಿ ಮಾಡುವ ಸಂಸ್ಥೆಗಳಲ್ಲಿ ಆಸ್ಕ್ಯಾಪ್ 1914ರದು, ಬಿಎಂಐ 1939ರದು. ಆದರೆ ಅವುಗಳ ಸದಸ್ಯರು ತಮ್ಮ ಹಾಡಿಗೆ ತಾವೇ ನೇರವಾಗಿ ಅನುಮತಿ ಕೊಡಲೂಬಹುದು. ಇಬ್ಬರೂ ಸ್ವಂತ ಹಾಡು ಮಾತ್ರ ಹಾಡುವವರಾದರೆ ಒಂದು ಇಮೇಲ್‌ನಲ್ಲಿ "ನಮ್ಮ ಹಾಡುಗಳಿಗೆ ನಮ್ಮ ಒಪ್ಪಿಗೆ ಇದೆ" ಅಂತ ಬರೆಸಿಕೊಳ್ಳಿ. ಹಕ್ಕು ಪಬ್ಲಿಷರ್ ಕೈಯಲ್ಲಿದೆಯಾ ಅಂತಲೂ ಕೇಳಿ. ಬೇರೆಯವರ ಹಾಡು ಹಾಡಿದರೆ ಈ ಒಪ್ಪಿಗೆ ಅದಕ್ಕೆ ನಡೆಯುವುದಿಲ್ಲ.

ಹಾಗಾಗಿ ಟಿಕೆಟ್ ಮಾರಬೇಡಿ, ವಿಳಾಸವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಹೆಸರಿನ ಪಟ್ಟಿ ಇಟ್ಟುಕೊಂಡು ನಿಮ್ಮವರನ್ನು ಕರೆಯಿರಿ. ತಲಾ 20–25 ಡಾಲರ್ ಅಂತ ಆಮಂತ್ರಣದಲ್ಲೇ ಹೇಳುವುದು ಇಲ್ಲಿ ವಾಡಿಕೆ. ಬಾಗಿಲಲ್ಲಿ ಬುಟ್ಟಿ ಇಡಿ. ಬಂದದ್ದು ಪೂರ್ತಿ ಹಾಡುವವರಿಗೆ, ಒಂದು ಡಾಲರೂ ಊಟದ ಖರ್ಚಿಗೆ ಹಿಡಿಯಬೇಡಿ. 35 ಜನ 20ರಂತೆ ಕೊಟ್ಟರೆ 700, ಒಬ್ಬರಿಗೆ 350. ನಮ್ಮವರು ಬುಟ್ಟಿಗೆ ಹಾಕುವುದರಲ್ಲಿ ಸಂಕೋಚ ಜಾಸ್ತಿ. ಇಷ್ಟಕ್ಕೆ ಕಡಿಮೆ ಆಗದ ಹಾಗೆ ನಾನು ತುಂಬುತ್ತೇನೆ ಅಂತ ಮೊದಲೇ ಒಂದು ಮೊತ್ತ ಹೇಳಿಬಿಡಿ. ಬ್ರೇಕಿನಲ್ಲಿ ಅವರ ಸಿಡಿ, ರೆಕಾರ್ಡ್ ಮಾರಲು ಒಂದು ಮೇಜು ಕೊಡಿ. ಎಷ್ಟೋ ಸಲ ಬುಟ್ಟಿಗಿಂತ ಆ ಮೇಜೇ ಅವರ ಪೆಟ್ರೋಲಿಗೆ ಆಗುವುದು. ಮನೆಯ ಇನ್ಶೂರೆನ್ಸ್ ಏಜೆಂಟಿಗೆ, ಮನೆಮಾಲೀಕರ ಸಂಘಕ್ಕೆ ಒಂದೊಂದು ಫೋನ್ ಮಾಡಿ. ದೂರು ಬರುವುದು ಸಾಮಾನ್ಯವಾಗಿ ಹಾಡಿನಿಂದಲ್ಲ, ರಸ್ತೆ ತುಂಬಾ ನಿಲ್ಲಿಸಿದ ಕಾರುಗಳಿಂದ. ಪಕ್ಕದ ಮನೆಯವರನ್ನೂ ಕರೆದುಬಿಡಿ. ಇನ್ನು ಫೇಸ್‌ಬುಕ್ ಲೈವ್ ಮಾಡುವ ಮಾವಂದಿರು ಇದ್ದೇ ಇರುತ್ತಾರೆ. ಹಾಡುವವರ ಒಪ್ಪಿಗೆ ಇಲ್ಲದೆ ರೆಕಾರ್ಡಿಂಗ್ ಇಲ್ಲ ಅಂತ ಶುರುವಿಗೇ ಹೇಳಿ. ಇನ್ನೂ ಬಿಡುಗಡೆ ಆಗದ ಹಾಡು ಅದರಲ್ಲಿರುತ್ತದೆ.

ಇಷ್ಟೆಲ್ಲ ಮಾಡಿಯೂ ಆ ಸಂಜೆ ಕುಂಯ್ ಅಂದರೆ ಗುಬುಟುಗಳ ಜೊತೆ ಗುದ್ದಾಡಬೇಡಿ. ಮೊದಲು ಗಿಟಾರಿನ ಮೈಕ್ ಆರಿಸಿ. ಮತ್ತೂ ಕೂಗಿದರೆ ಎಲ್ಲವನ್ನೂ ಆರಿಸಿ, ಹಾಡುವವರ ಕುರ್ಚಿ ಎರಡಡಿ ಮುಂದಕ್ಕೆ ಎಳೆಸಿ. ಗಿಟಾರನ್ನು ಪಿಕ್ ಬಿಟ್ಟು ಬೆರಳಲ್ಲಿ ನುಡಿಸುತ್ತೀರಾ ಅಂತ ಕೇಳಿ. ಮೂರೇ ಸಾಲು ಇದ್ದರೆ ಅದಕ್ಕೆ ಎರಡು ನಿಮಿಷ ಸಾಕು.